ಸುತ್ತ ಸಮುದ್ರ ಇದ್ದೂ ಡಬ್ಬಿ ಮೀನು ಯಾಕೆ? ದ್ವೀಪ ದೇಶಗಳ ಊಟದ ಲೆಕ್ಕ

ಹೊಸನಗರ_ಓದುಗ:
ನಮಸ್ಕಾರ. ನಮ್ಮ ಸಹಕಾರ ಸಂಘದ ಓದು ಕೂಟಕ್ಕೆ ಈ ಸಲ ದ್ವೀಪ ದೇಶಗಳ ಆಹಾರದ ವಿಷಯ ಆರಿಸಿದ್ದಾರೆ, ಟಿಪ್ಪಣಿ ಮಾಡುವ ಕೆಲಸ ನನ್ನದು. ಪೆಸಿಫಿಕ್ ಸಾಗರದ ಕಿರಿಬಾಟಿ ದೇಶದ ನೆಲ 811 ಚದರ ಕಿ.ಮೀ., ಅಂದರೆ ಶಿವಮೊಗ್ಗ ಜಿಲ್ಲೆಯ ಹತ್ತನೇ ಒಂದು ಪಾಲೂ ಇಲ್ಲ. ಸಮುದ್ರ ಮಾತ್ರ ಸುಮಾರು 35 ಲಕ್ಷ ಚದರ ಕಿ.ಮೀ. ಆದರೂ ಅಲ್ಲಿನ ಅಂಗಡಿಗಳಲ್ಲಿ ಹೊರಗಿನಿಂದ ಬಂದ ಅಕ್ಕಿ, ಮೈದಾ, ಡಬ್ಬಿ ಮೀನು! ಅವರ ಮೀನೆಲ್ಲ ಎಲ್ಲಿಗೆ ಹೋಗ್ತದೆ? ಮರಳು ದಿಬ್ಬದ ಮೇಲೆ ಏನಾದರೂ ಬೆಳೆಯಲಿಕ್ಕೆ ಆಗ್ತದಾ? ಕಡಲಕಳೆ ಬೆಳೆಸಿ ಹೊಟ್ಟೆ ತುಂಬಿಸಿಕೊಳ್ಳಬಹುದಲ್ಲ? ಗೊತ್ತಿದ್ದವರು ಸ್ವಲ್ಪ ಬಿಡಿಸಿ ಹೇಳಿ.

ಬಂದರು_ಲೆಕ್ಕ:
ಇದು ನಮ್ಮ ಕಡೆಯವರಿಗೆ ಬೇಗ ತಲೆಗೆ ಹೋಗುವ ಲೆಕ್ಕ. ಗದ್ದೆ ತೆಗೆದು ಅಡಿಕೆ ಹಾಕಿದ ಮನೆಗೆ ಅಕ್ಕಿ ಅಂಗಡಿಯಿಂದಲೇ ಬರಬೇಕು. ಅಡಿಕೆ ದರ ಬಿದ್ದ ವರ್ಷ ಅಕ್ಕಿ ದರವೇನೂ ಬೀಳೋದಿಲ್ಲ. ಕಿರಿಬಾಟಿಗೆ ಟ್ಯೂನಾ ಮೀನು ಅಂದರೆ ಅಡಿಕೆ. ಅದೂ ತಾವೇ ಕೊಯ್ಯುವ ಅಡಿಕೆಯಲ್ಲ, ಚೇಣಿಗೆ, ಅಂದರೆ ಫಸಲು ಗುತ್ತಿಗೆಗೆ, ಕೊಟ್ಟ ತೋಟ.

ಚೇಣಿ ನಡೆಯೋದು ಹೀಗೆ. 1982ರ ನೌರು ಒಪ್ಪಂದದ ಎಂಟು ದೇಶಗಳು ಸೇರಿ, ತಮ್ಮ ನೀರಿನಲ್ಲಿ ದೊಡ್ಡ ಬಲೆಯ ಹಡಗುಗಳು ವರ್ಷಕ್ಕೆ ಒಟ್ಟು ಎಷ್ಟು ದಿನ ಮೀನು ಹಿಡಿಯಬಹುದು ಅಂತ ನಿಗದಿ ಮಾಡಿ, ಆ ದಿನಗಳನ್ನು ಹಂಚಿಕೊಂಡು ಮಾರುತ್ತವೆ. ಹೆಸರು ವೆಸೆಲ್ ಡೇ ಸ್ಕೀಮ್. 2015ರಿಂದ ದಿನವೊಂದಕ್ಕೆ ಕನಿಷ್ಠ ದರ 8,000 ಡಾಲರ್. 80 ಮೀಟರ್‌ಗಿಂತ ಉದ್ದದ ಹಡಗಿನ ಒಂದು ದಿನವನ್ನು ಒಂದೂವರೆ ಅಂತ ಎಣಿಸ್ತಾರೆ, 50 ಮೀಟರ್‌ಗಿಂತ ಚಿಕ್ಕದಕ್ಕೆ ಅರ್ಧ. ದೊಡ್ಡ ಹಡಗು 30 ದಿನ ನಿಂತರೆ 45 ದಿನದ ಲೆಕ್ಕ, 3.6 ಲಕ್ಷ ಡಾಲರ್. ತೂಕದ ಮೇಲೆ ದುಡ್ಡು ಕೇಳಿದ್ದರೆ ಹಡಗಿನವರು ಹೇಳಿದ್ದೇ ತೂಕ ಆಗ್ತಿತ್ತು. ದಿನ ಎಣಿಸಲಿಕ್ಕೆ ಉಪಗ್ರಹ ಸಾಕು.

ಕೆಡುವುದು ಎಲ್ಲಿ ಅಂದರೆ, ಮೀನು ಗಡಿ ನೋಡೋದಿಲ್ಲ. ಎಲ್ ನಿನೋ ಬಂದ ವರ್ಷ ಬೆಚ್ಚಗಿನ ನೀರಿನ ಜೊತೆ ಸ್ಕಿಪ್‌ಜಾಕ್ ಟ್ಯೂನಾ ಪೂರ್ವಕ್ಕೆ, ಕಿರಿಬಾಟಿ ಕಡೆಗೆ ಸರಿಯುತ್ತದೆ. ಲಾ ನಿನಾದಲ್ಲಿ ಪಶ್ಚಿಮಕ್ಕೆ, ಪಪುವಾ ನ್ಯೂಗಿನಿ ಕಡೆಗೆ. ಹಾಗಾಗಿ ದೇಶಗಳು ತಮ್ಮೊಳಗೆ ದಿನಗಳನ್ನೇ ಕೊಡುಕೊಳ್ಳು ಮಾಡ್ತವೆ. ಹಿಡಿದ ಮೀನು ಬಹುಪಾಲು ನೇರ ಹೊರದೇಶದ ಡಬ್ಬಿ ಕಾರ್ಖಾನೆಗೆ. ಊರಿನವರಿಗೆ ಸಿಗೋದು ಉಳಿಕೆ: ಸೊಲೊಮನ್ ದ್ವೀಪಗಳ ಹೊನಿಯಾರಾದಲ್ಲಿ ಹಡಗಿನಿಂದ ಇಳಿಸಿದ ಕೆಳದರ್ಜೆಯ ಟ್ಯೂನಾಕ್ಕೆ ಜನ 'ಸಾಲ್ಟ್ ಫಿಶ್' ಅಂತಾರೆ. ಉಪ್ಪುನೀರಲ್ಲೇ ಹೆಪ್ಪುಗಟ್ಟಿಸಿ ತಂದದ್ದರಿಂದ ಅದು ಒಳಗೆಲ್ಲ ಉಪ್ಪಾಗಿರ್ತದೆ. ಆದರೆ ಅಗ್ಗ.

ಹಗ್ಗ_ಲಂಗರು:
ಬಂದರು ಅವರು ಹೇಳಿದ್ದು ಸರ್ಕಾರದ ಖಜಾನೆಯ ಲೆಕ್ಕ. ಅಡುಗೆಮನೆಯ ಲೆಕ್ಕ ಬೇರೆ. ಅಲ್ಲಿ ತಲೆಗೆ ವರ್ಷಕ್ಕೆ ಸುಮಾರು 35 ಕೆಜಿ ಮೀನು ಬೇಕು ಅಂತ ಯೋಜನೆ ಹಾಕ್ತಾರೆ. 500 ಜನರ ಊರಿಗೆ 17.5 ಟನ್. ಆರೋಗ್ಯವಾಗಿರುವ ಹವಳದ ದಿಬ್ಬದಿಂದ, ಬುಡ ಕೆಡಿಸದೆ, ಚದರ ಕಿ.ಮೀ.ಗೆ ವರ್ಷಕ್ಕೆ 3 ಟನ್ ತೆಗೆಯಬಹುದು ಅಂತ ಅಂದಾಜು. ಅಂದರೆ ಹತ್ತಿರ 6 ಚದರ ಕಿ.ಮೀ. ದಿಬ್ಬ ಬೇಕು. ಜನ ಒತ್ತೊತ್ತಾಗಿರುವ, ಕಿರಿಬಾಟಿಯ ರಾಜಧಾನಿ ದಕ್ಷಿಣ ತರಾವಾದಂಥ ಕಡೆ ಈ ಲೆಕ್ಕ ಕೂಡೋದೇ ಇಲ್ಲ.

ದಾರಿ ಒಂದೇ: ದಿಬ್ಬದಾಚೆ ಓಡಾಡುವ ಟ್ಯೂನಾವನ್ನು ಚಿಕ್ಕ ದೋಣಿಗೆ ಎಟುಕಿಸುವುದು. ಅದಕ್ಕೆ ಲಂಗರು ಹಾಕಿದ ತೇಲು ಬಿಡ್ತಾರೆ, ಫ್ಯಾಡ್ ಅಂತ ಕರೀತಾರೆ. ತೇಲುವ ವಸ್ತುವಿನ ಕೆಳಗೆ ಮೀನು ಗುಂಪುಗೂಡುವ ಸ್ವಭಾವವನ್ನೇ ಬಳಸಿಕೊಂಡ ಉಪಾಯ. ಮೇಲೆ ತೇಲುವ ಬುರುಡೆಗಳ ಸರ, ಕೆಳಗೆ ಸುಮಾರು ಒಂದು ಟನ್ನಿನ ಕಾಂಕ್ರೀಟ್ ದಿಮ್ಮಿ, ನಡುವೆ ಹಗ್ಗ. ಆಳ 500 ಮೀಟರ್ ಇದ್ದರೆ ಹಗ್ಗ ಸುಮಾರು 600 ಮೀಟರ್. ಮೇಲಿನ ಭಾಗಕ್ಕೆ ಮುಳುಗುವ ನೈಲಾನ್, ಕೆಳಗಿನ ಭಾಗಕ್ಕೆ ತೇಲುವ ಪಾಲಿಪ್ರೊಪಿಲೀನ್. ಆಗ ಹೆಚ್ಚುವರಿ ಹಗ್ಗ ನಡುನೀರಿನಲ್ಲಿ ಬಾಗಿ ನಿಲ್ಲುತ್ತದೆ. ಇದನ್ನು ತಿರುವುಮುರುವು ಮಾಡಿದರೆ ಕೆಲಸ ಕೆಟ್ಟಿತು: ತೇಲುವ ಹಗ್ಗ ಮೇಲೆ ಬಂದು ಎಂಜಿನ್ನಿನ ರೆಕ್ಕೆಗೆ ಸಿಕ್ಕಿ ತುಂಡಾಗ್ತದೆ, ಮುಳುಗುವುದು ತಳದ ಬಂಡೆಗೆ ಉಜ್ಜಿ ಸವೆಯುತ್ತದೆ.

ಇನ್ನೊಂದು ಸಾಮಾನ್ಯ ತಪ್ಪು ಇಳಿಜಾರಿನಲ್ಲಿ ಇಳಿಸುವುದು. ದಿಮ್ಮಿ ಜಾರಿ ಆಳಕ್ಕೆ ಹೋದರೆ ತೇಲನ್ನೂ ಎಳಕೊಂಡು ಮುಳುಗ್ತದೆ. ಮೊದಲು ಆಳ ಅಳೆಯುವ ಸೌಂಡರ್ ಹಿಡಿದು ತಳ ನೋಡಿ, ಚಪ್ಪಟೆ ಜಾಗ ಹುಡುಕಬೇಕು. ದೋಣಿಯನ್ನು ತೇಲಿಗೆ ಕಟ್ಟಬಾರದು. ಎಷ್ಟು ಜೋಪಾನ ಮಾಡಿದರೂ ಎರಡು ಮೂರು ವರ್ಷಕ್ಕೆ ಕಳೆದುಹೋಗ್ತದೆ ಅಂತಲೇ ಬಜೆಟ್ ಇಡಬೇಕು. ಉದ್ಘಾಟನೆಗೆ ದುಡ್ಡು ಇಟ್ಟು, ಎರಡನೇ ತೇಲಿಗೆ ಇಡದ ಯೋಜನೆಗಳೇ ಜಾಸ್ತಿ.

ಕೆಸವಿನ_ಮಡಿ:
ಬೆಳೆ ವಿಷಯ ನಾನು ಹೇಳ್ತೇನೆ. ಹವಳದ ದ್ವೀಪದಲ್ಲಿ ಹೊಳೆಯಿಲ್ಲ. ಮಳೆನೀರು ಮರಳಿನೊಳಗೆ ಇಳಿದು, ಉಪ್ಪುನೀರಿಗಿಂತ ಹಗುರ ಆದ್ದರಿಂದ ಅದರ ಮೇಲೆ ತೇಲಿಕೊಂಡಿರ್ತದೆ. ಸೂತ್ರ ಸುಲಭ: ಸಿಹಿನೀರು ಸಮುದ್ರಮಟ್ಟಕ್ಕಿಂತ 1 ಪಾಲು ಮೇಲಿದ್ದರೆ ಕೆಳಗೆ 40 ಪಾಲು ಇರ್ತದೆ. 25 ಸೆಂ.ಮೀ. ಮೇಲಿದ್ದರೆ ಕೆಳಗೆ 10 ಮೀಟರ್. ಪಂಪು ಹಾಕಿ ಮೇಲಿನ ಮಟ್ಟವನ್ನು 10 ಸೆಂ.ಮೀ. ಇಳಿಸಿದಿರೋ, ಕೆಳಗಿನಿಂದ ಉಪ್ಪು 4 ಮೀಟರ್ ಏರಿತು! ನಿಜದಲ್ಲಿ ನಡುವೆ ಸವಳು ಪದರವೂ ಇರೋದರಿಂದ ಕುಡಿಯುವ ನೀರು ಇನ್ನೂ ತೆಳು. ಹಾಗಾಗಿ ಬೋರ್‌ವೆಲ್ ಬುದ್ಧಿ ಅಲ್ಲಿ ನಡೆಯೋದಿಲ್ಲ. ತರಾವಾದ ಬೊನ್ರಿಕಿಯಲ್ಲಿ ತೂತು ಕೊರೆದ ಪೈಪುಗಳನ್ನು ಅಡ್ಡಕ್ಕೆ ಹೂತು, ಹಾಲಿನ ಕೆನೆ ತೆಗೆದ ಹಾಗೆ ಮೇಲಿನ ನೀರನ್ನಷ್ಟೇ ತೆಗೀತಾರೆ.

ಬೆಳೆಯೂ ಅದೇ ನೀರನ್ನು ನಂಬಿದ್ದು. ನೀರು ಕಾಣುವವರೆಗೆ ಹೊಂಡ ತೋಡಿ, ನಮ್ಮ ಕೆಸವಿನ ದೊಡ್ಡಣ್ಣನಂಥ ಗಡ್ಡೆ ನೆಡ್ತಾರೆ. ಕಿರಿಬಾಟಿಯಲ್ಲಿ ಬಾಬಾಯ್, ಟುವಾಲುವಿನಲ್ಲಿ ಪುಲಾಕಾ. ಬುಡದ ಸುತ್ತ ತಳವಿಲ್ಲದ ಬುಟ್ಟಿಯ ಹಾಗೆ ಎಲೆ ಹೆಣೆದು, ಒಳಗೆ ಸೊಪ್ಪು ಕೊಚ್ಚಿ ತುಂಬುತ್ತಾ ಹೋಗುವುದು. ಮರಳಿನಲ್ಲಿ ಮಣ್ಣು ಮಾಡುವ ವಿದ್ಯೆ ಅದು. ನಮ್ಮ ಬೆಟ್ಟದ ಸೊಪ್ಪಿನ ಗೊಬ್ಬರ ಕಂಡವರಿಗೆ ವಿವರಿಸಬೇಕಿಲ್ಲ. ಗಡ್ಡೆಗೆ ತುರಿಕೆ ಇದ್ದೇ ಇದೆ, ಚೆನ್ನಾಗಿ ಬೇಯಿಸಬೇಕು. ದೊಡ್ಡ ಉಬ್ಬರದಲ್ಲಿ ಸಮುದ್ರ ಒಮ್ಮೆ ಉಕ್ಕಿ ಹೊಂಡಕ್ಕೆ ಬಂದರೆ ಫಸಲು ಹೋಯ್ತು. ಆ ಉಪ್ಪು ತೊಳೆದುಹೋಗಲಿಕ್ಕೆ ಎಷ್ಟೋ ಮಳೆ ಬೇಕು.

ಆಪತ್ತಿಗೆ ಇಡುವುದು ದೀವಿ ಹಲಸನ್ನು. ಹೆಸರಲ್ಲೇ ಊರು ಇದೆ ನೋಡಿ, ದೀವಿ ಅಂದರೆ ದ್ವೀಪ. ನಾವು ಪೋಡಿ, ಪಲ್ಯ ಮಾಡಿ ಮುಗಿಸ್ತೇವೆ. ಮಾರ್ಷಲ್ ದ್ವೀಪದವರು ಸಿಪ್ಪೆ ತೆಗೆದು ಕಡಲ ನೀರಲ್ಲಿ ನೆನೆಸಿ, ಎಲೆ ಹಾಸಿದ ಗುಂಡಿಯಲ್ಲಿ ಮುಚ್ಚಿ ಹುಳಿ ಬರಿಸಿ ತಿಂಗಳುಗಟ್ಟಲೆ ಇಡ್ತಾರೆ. ಬ್ವಿರೊ ಅಂತ ಹೆಸರು.

ಹೊಸನಗರ_ಓದುಗ:
ಚೇಣಿಯ ಮಾತು ಕೂಟದಲ್ಲಿ ಖಂಡಿತ ನಡೀತದೆ, ಧನ್ಯವಾದ. ಕಡಲಕಳೆ ಉಳೀತು. ಮತ್ತೆ ಮಾಲ್ಡೀವ್ಸಿನವರು ತಮ್ಮ ಮೀನು ತಾವೇ ಹಿಡೀತಾರೆ ಅಂತ ಓದಿದೆ, ಅದು ಹೇಗೆ?

ಬಂದರು_ಲೆಕ್ಕ:
ಕಡಲಕಳೆಯೂ ಅಡಿಕೆಯೇ ಮಾರಾಯ್ರೆ! ಆಫ್ರಿಕಾ ಕರಾವಳಿಯ ಜಂಜಿಬಾರ್ ದ್ವೀಪದಲ್ಲಿ 1989ರಿಂದ ಬೆಳೀತಾರೆ, ಹೆಚ್ಚಿನವರು ಹೆಂಗಸರು. ಇಳಿತದಲ್ಲಿ ಗೂಟ ಹೊಡೆದು ಹಗ್ಗಕ್ಕೆ ತುಂಡು ಕಟ್ಟಿದರೆ ಆರೇಳು ವಾರಕ್ಕೆ ಕೊಯ್ಲು. ಏಳೆಂಟು ಕೆಜಿ ಹಸಿಗೆ ಒಂದು ಕೆಜಿ ಒಣ. ಅದು ಊಟಕ್ಕಲ್ಲ, ಐಸ್‌ಕ್ರೀಮು, ಟೂತ್‌ಪೇಸ್ಟು ಗಟ್ಟಿ ಮಾಡುವ ಕ್ಯಾರಜೀನನ್‌ಗೆ. ನೀರು ಬಿಸಿಯಾದರೆ ಕೊಂಬೆ ಬೆಳ್ಳಗಾಗಿ ಮುರಿದು ಬೀಳುವ 'ಐಸ್-ಐಸ್' ರೋಗ. ಒಳ್ಳೆ ದರದ ಕಾಟನಿ ಜಾತಿ ಅಲ್ಲಿ ಕೈಕೊಟ್ಟದ್ದು ಹೀಗೆಯೇ. ಆಳದ ನೀರಿಗೆ ಹೋಗಬೇಕೆಂದರೆ ದೋಣಿ ಬೇಕು, ಈಜು ಬರಬೇಕು.

ಮಾಲ್ಡೀವ್ಸ್ ಕಥೆ ಬೇರೆ. ಅಲ್ಲಿ ಟ್ಯೂನಾಕ್ಕೆ ಬಲೆ ಹಾಕುವ ಹಾಗಿಲ್ಲ. ಜೀವಂತ ಸಣ್ಣಮೀನು ಎರಚಿ, ನೀರು ಚಿಮ್ಮಿಸಿ, ಮುಳ್ಳಿಲ್ಲದ ಗಾಳದ ಕೋಲಿನಿಂದ ಒಂದೊಂದೇ ಎತ್ತಿ ಹಿಂದಕ್ಕೆ ಎಸೀತಾರೆ. ಗಾಳಕ್ಕೆ ಕೊಕ್ಕೆ ಮುಳ್ಳು ಇಲ್ಲದ್ದರಿಂದ ಮೀನು ಹಾರಿಬಿದ್ದ ಕೂಡಲೇ ಕಳಚಿಕೊಳ್ಳುತ್ತದೆ, ಕೈ ತಡವರಿಸಬೇಕಿಲ್ಲ. 2012ರಲ್ಲಿ ಈ ಸ್ಕಿಪ್‌ಜಾಕ್‌ಗೆ ಎಂಎಸ್‌ಸಿ ಪ್ರಮಾಣಪತ್ರ, ಅಂದರೆ ಸಂತತಿ ಕೆಡಿಸದೆ ಹಿಡಿದ ಮೀನು ಅನ್ನುವ ಮುದ್ರೆ, ಸಿಕ್ಕಿತು. ನಮ್ಮ ಲಕ್ಷದ್ವೀಪದ ಮಿನಿಕಾಯ್‌ನಲ್ಲೂ ಇದೇ ಪದ್ಧತಿ. ಅಲ್ಲಿನದೇ ಅಮಿನಿದಿವಿ ದ್ವೀಪಗಳ ಗುಂಪು 1956ರ ತನಕ ದಕ್ಷಿಣ ಕನ್ನಡ ಜಿಲ್ಲೆಗೇ ಸೇರಿತ್ತು, ಕೂಟದಲ್ಲಿ ಹೇಳಿ.

ಹಗ್ಗ_ಲಂಗರು:
ಒಂದು ಸೇರಿಸ್ತೇನೆ. ಮಾಲ್ಡೀವ್ಸಿನವರ ಒಣಮೀನು ಮಾಸ್: ತಲೆ, ಕರುಳು ತೆಗೆದು ಉದ್ದಕ್ಕೆ ಸೀಳಿ, ಉಪ್ಪುನೀರಲ್ಲಿ ಬೇಯಿಸಿ, ಹೊಗೆಗಿಟ್ಟು, ಕಟ್ಟಿಗೆಯಷ್ಟು ಗಟ್ಟಿಯಾಗುವ ತನಕ ಬಿಸಿಲಿಗೆ. ಜೂನ್, ಜುಲೈಯಲ್ಲಿ ಕರಾವಳಿಯ ಯಾಂತ್ರಿಕ ದೋಣಿ ನಿಂತಾಗ ಘಟ್ಟದ ಮೇಲೆ ಒಣಮೀನು ನಡೆಯುವ ಲೆಕ್ಕವೇ ಇದು. ಆದರೆ ಎಚ್ಚರ: ಟ್ಯೂನಾ, ಬಂಗುಡೆ ಹಿಡಿದ ಮೇಲೆ ಬಿಸಿಲಲ್ಲಿ ಬಿಟ್ಟರೆ ಹಿಸ್ಟಮಿನ್ ಹುಟ್ಟುತ್ತದೆ. ತಿಂದ ಸ್ವಲ್ಪ ಹೊತ್ತಿಗೆ ಮುಖ ಕೆಂಪಗಾಗಿ ತಲೆನೋವು ಬರೋದು ಅದರಿಂದ. ಒಮ್ಮೆ ಹುಟ್ಟಿತೆಂದರೆ ಬೇಯಿಸಿದರೂ, ಹೊಗೆಯಾಡಿಸಿದರೂ, ಒಣಗಿಸಿದರೂ ಹೋಗೋದಿಲ್ಲ. ದೋಣಿಯಲ್ಲೇ ಕೆಜಿ ಮೀನಿಗೆ ಕೆಜಿ ಐಸ್ ಬೇಕು.

ಮಾಸ್ ಸಿಕ್ಕಿದರೆ ಕೂಟಕ್ಕೆ ಒಂದು ತುಂಡು ಒಯ್ಯಿರಿ. ಕುಟ್ಟಿ ಪುಡಿ ಮಾಡಿ, ತೆಂಗಿನತುರಿ, ಈರುಳ್ಳಿ, ಹಸಿಮೆಣಸು, ಲಿಂಬೆರಸ ಹಾಕಿ ಕೈಯಲ್ಲಿ ಕಿವುಚಿ, ರೊಟ್ಟಿಗೆ ಕೊಡಿ. ಉಪ್ಪು ಹಾಕುವ ಮೊದಲು ರುಚಿ ನೋಡಿ, ಮೀನಲ್ಲೇ ಇರ್ತದೆ.