‘ಎಕ್ಟೋಪಿಕ್ ಪ್ರೆಗ್ನೆನ್ಸಿ’ಗೆ ಯಾವ ಪದ? ಟ್ಯೂಬ್ ‘ಕಟ್ಟಿಸಿದ’ ಮೇಲೆ ಗರ್ಭ ‘ಕಟ್ಟಿದರೆ’?

ಎಲ್ಲರಿಗೂ ನಮಸ್ಕಾರ.

ಹೆಣ್ಣುಮಕ್ಕಳ ಆರೋಗ್ಯದ ಬಗ್ಗೆ ಒಂದು ಚಿಕ್ಕ ಕೈಪಿಡಿಯನ್ನು ಕನ್ನಡದಲ್ಲಿ ಬರೆಯುತ್ತಿದ್ದೇನೆ. ಡಾಕ್ಟರುಗಳಿಗಲ್ಲ, ಮನೆಯಲ್ಲಿ ಕೂತು ಓದುವವರಿಗೆ. ಕೆಲವು ಪದಗಳ ಹತ್ತಿರ ಬಂದು ನಿಂತಿದ್ದೇನೆ. ನಿಮ್ಮ ಅಭಿಪ್ರಾಯ ಬೇಕು.

ಮೊದಲನೆಯದು ಎಕ್ಟೋಪಿಕ್ ಪ್ರೆಗ್ನೆನ್ಸಿ, ಅಂದರೆ ಗರ್ಭಕೋಶದೊಳಗೆ ತನ್ನ ಜಾಗದಲ್ಲಿ ನಿಲ್ಲದೆ ಬೇರೆ ಕಡೆ ನಿಂತ ಬಸಿರು. ಪುಸ್ತಕಗಳಲ್ಲಿ ‘ಅಪಸ್ಥಾನೀಯ ಗರ್ಭಧಾರಣೆ’ ಎಂದು ಕಾಣುತ್ತದೆ. ಅರ್ಥ ಸರಿಯಾಗಿಯೇ ಇದೆ. ಗ್ರೀಕ್ ಮೂಲದ ಮಾತಿಗೂ ‘ಜಾಗ ಬಿಟ್ಟು ಬೇರೆ ಕಡೆ’ ಎಂಬುದೇ ಅರ್ಥ. ಆದರೆ ಹೊಟ್ಟೆ ಹಿಡಿದುಕೊಂಡು ಕೂತವಳಿಗೆ ಆ ಪದ ಏನನ್ನೂ ಹೇಳುವುದಿಲ್ಲ. ‘ದಾರಿ ತಪ್ಪಿದ ಗರ್ಭ’ ಎಂದು ಒಬ್ಬರು ಸೂಚಿಸಿದರು. ಚಿತ್ರವೇನೋ ಚೆನ್ನಾಗಿದೆ, ಆದರೆ ಕನ್ನಡದಲ್ಲಿ ‘ದಾರಿ ತಪ್ಪಿದವಳು’ ಅಂದರೆ ಏನರ್ಥ ಬರುತ್ತದೆ ಅಂತ ನಿಮಗೆ ಗೊತ್ತು. ಅದು ಬೇಡವೇ ಬೇಡ.

‘ಗರ್ಭದ ಹೊರಗಿನ ಗರ್ಭ’ ಎನ್ನೋಣ ಅಂದರೆ ಅಲ್ಲೂ ಗೋಜಲು. ಕೋಶಕ್ಕೂ ಗರ್ಭ ಅನ್ನುತ್ತೇವೆ, ಒಳಗೆ ಬೆಳೆಯುವುದಕ್ಕೂ ಗರ್ಭ ಅನ್ನುತ್ತೇವೆ. ‘ಬಸಿರು’ ಕೂಡ ಹಳಗನ್ನಡದಲ್ಲಿ ಹೊಟ್ಟೆಯೇ. ‘ಗರ್ಭಕೋಶದ ಹೊರಗಿನ ಬಸಿರು’ ಅಂದರೆ ತಕ್ಷಣ ತಿಳಿಯುತ್ತದೆ. ಆದರೆ ಅದೂ ಪೂರ್ತಿ ನಿಜವಲ್ಲ. ಅಪರೂಪಕ್ಕೆ ಗರ್ಭಕೋಶದ ಕೊರಳಿನಲ್ಲಿ, ಸಿಸೇರಿಯನ್ ಗಾಯದ ಕಲೆಯಲ್ಲಿ ಕೂಡ ಇದು ನಿಲ್ಲುತ್ತದೆ. ಆ ಎರಡೂ ಗರ್ಭಕೋಶದ್ದೇ ಭಾಗ. ಇಷ್ಟು ಸೂಕ್ಷ್ಮ ಕೈಪಿಡಿಗೆ ಬೇಕಾ ಅನ್ನಬಹುದು. ನನಗೆ ಬೇಡ ಅನ್ನಿಸಿದೆ. ಯಾಕೆಂದರೆ ನೂರಕ್ಕೆ ತೊಂಬತ್ತಕ್ಕಿಂತ ಜಾಸ್ತಿ ಪ್ರಕರಣಗಳಲ್ಲಿ ಅದು ನಿಲ್ಲುವುದು ಟ್ಯೂಬಿನಲ್ಲಿಯೇ, ಅಂದರೆ ಅಂಡಾಶಯದ ಕಡೆಯಿಂದ ಗರ್ಭಕೋಶಕ್ಕೆ ಬರುವ ನಳಿಕೆಯಲ್ಲಿ. ಅಂಡ, ವೀರ್ಯಾಣು ಸೇರುವ ಜಾಗವೂ ಅದೇ. ಅಲ್ಲಿಂದ ಅದು ಕೆಲವು ದಿನಗಳಲ್ಲಿ ಗರ್ಭಕೋಶಕ್ಕೆ ಇಳಿಯಬೇಕು. ಇಳಿಯದೆ ಅಲ್ಲೇ ಅಂಟಿಕೊಂಡರೆ ಟ್ಯೂಬು ಅದನ್ನು ತಾಳುವುದಿಲ್ಲ. ಗರ್ಭಕೋಶದಂತೆ ಅದು ಹಿಗ್ಗುವುದಿಲ್ಲ, ಒಂದು ಹಂತಕ್ಕೆ ಒಡೆದು ಹೊಟ್ಟೆಯೊಳಗೆ ರಕ್ತ ಸುರಿಯಬಹುದು. ಹಾಗಾಗಿ ‘ನಳಿಕೆ ಬಸಿರು’ ಎಂಬ ಪದದ ಮೇಲೆ ನನಗೆ ಮನಸ್ಸಿದೆ. ಆಡುಮಾತಿನಲ್ಲಿ ‘ಟ್ಯೂಬಲ್ಲಿ ಗರ್ಭ ನಿಂತಿದೆ’ ಅನ್ನುತ್ತಾರಲ್ಲ, ಅದಕ್ಕೆ ಇದು ಹತ್ತಿರ.

ಎರಡನೆಯದು ಇನ್ನೂ ಕಷ್ಟ. ಟ್ಯೂಬಲ್ ಲೈಗೇಷನ್, ಅಂದರೆ ಇನ್ನು ಮಕ್ಕಳಾಗದಂತೆ ಟ್ಯೂಬನ್ನು ಮುಚ್ಚುವ ಆಪರೇಷನ್. ಸರ್ಕಾರಿ ಕನ್ನಡದಲ್ಲಿ ‘ಸಂತಾನಹರಣ ಶಸ್ತ್ರಚಿಕಿತ್ಸೆ’. ಜನರ ಬಾಯಲ್ಲಿ ಬರೀ ‘ಆಪರೇಷನ್ ಆಗಿದೆ’. ಈ ‘ಹರಣ’ ನನಗೆ ಹಿಡಿಸುವುದಿಲ್ಲ. ಕೇಳಲು ಒರಟು ಎಂಬುದಕ್ಕಿಂತ, ಇನ್ನು ಎಂದೆಂದಿಗೂ ಆಗುವುದೇ ಇಲ್ಲ ಎಂಬ ಭರವಸೆಯನ್ನು ಅದು ಕೊಟ್ಟುಬಿಡುತ್ತದೆ. ವಾಸ್ತವ ಸ್ವಲ್ಪ ಬೇರೆ. ಅಮೆರಿಕದಲ್ಲಿ ಹತ್ತು ಸಾವಿರಕ್ಕೂ ಹೆಚ್ಚು ಹೆಂಗಸರನ್ನು ವರ್ಷಗಟ್ಟಲೆ ಗಮನಿಸಿದ ‘ಕ್ರೆಸ್ಟ್’ ಎಂಬ ದೊಡ್ಡ ಅಧ್ಯಯನದ ಫಲಿತಾಂಶ 1996ರಲ್ಲಿ ಬಂತು. ಅದರ ಲೆಕ್ಕದಲ್ಲಿ, ಆಪರೇಷನ್ ಆದ 10 ವರ್ಷಗಳೊಳಗೆ 1000ಕ್ಕೆ ಸುಮಾರು 18 ಜನ ಬಸಿರಾಗುತ್ತಾರೆ. ಸಿಕ್ಕ 143 ಬಸಿರುಗಳಲ್ಲಿ 47 ಎಕ್ಟೋಪಿಕ್, ಅಂದರೆ ಮೂರರಲ್ಲಿ ಒಂದು. ಸಾಮಾನ್ಯವಾಗಿ ಇದು ನೂರು ಬಸಿರಿಗೆ ಒಂದೋ ಎರಡೋ ಇರುತ್ತದೆ. ಟ್ಯೂಬನ್ನು ವಿದ್ಯುತ್ತಿನಿಂದ ಸುಟ್ಟು ಮುಚ್ಚಿಸಿಕೊಂಡವರಲ್ಲಿ, ಅದರಲ್ಲೂ 30 ತುಂಬುವ ಮೊದಲೇ ಮಾಡಿಸಿಕೊಂಡವರಲ್ಲಿ ಜಾಸ್ತಿ ಕಂಡಿತು.

ಕಾರಣ ಹೀಗೆ ಹೇಳುತ್ತಾರೆ. ಮುಚ್ಚಿದ ಜಾಗದಲ್ಲಿ ಕೂದಲೆಳೆಯಷ್ಟು ಸಂದಿ ಬಿಟ್ಟುಕೊಂಡರೂ ವೀರ್ಯಾಣು ನುಸುಳುತ್ತದೆ. ಅದಕ್ಕಿಂತ ಎಷ್ಟೋ ದಪ್ಪಗಿರುವ ಫಲಿತ ಅಂಡ ವಾಪಸು ಬರಲಾಗದೆ ಅಲ್ಲೇ ಸಿಕ್ಕಿಕೊಳ್ಳುತ್ತದೆ. ಹಾಗಂತ ಆಪರೇಷನ್ ಮಾಡಿಸಿದ್ದರಿಂದ ಅಪಾಯ ಹೆಚ್ಚಾಯಿತು ಅಂತಲ್ಲ. ಬಸಿರಾಗುವ ಸಾಧ್ಯತೆಯೇ ತೀರಾ ಕಮ್ಮಿ. ಆದರೆ ಬಸಿರಾದರೆ, ಅದು ಟ್ಯೂಬಿನಲ್ಲಿರಬಹುದು ಎಂಬ ಅನುಮಾನ ಮೊದಲು ಬರಬೇಕು. ಈ ಎರಡು ಮಾತನ್ನೂ ಒಟ್ಟಿಗೆ ಹೇಳುವ ವಾಕ್ಯ ಇನ್ನೂ ಕೈಗೆ ಸಿಕ್ಕಿಲ್ಲ.

ಪದಕ್ಕೆ ಬರೋಣ. ‘ಟ್ಯೂಬ್ ಕಟ್ಟಿಸಿಕೊಳ್ಳುವುದು’ ಒಳ್ಳೆಯ ಮಾತು. ಕ್ಲಿಪ್ಪು, ರಿಂಗು, ಸುಡುವುದು ಹೀಗೆ ವಿಧಾನ ಹಲವು, ಎಲ್ಲದರಲ್ಲೂ ದಾರ ಬಿಗಿಯುವುದಿಲ್ಲ ನಿಜ. ಆದರೂ ‘ಮೂಗು ಕಟ್ಟಿದೆ’ ಅನ್ನುವಾಗಿನ ‘ಕಟ್ಟು’ ಅಂದರೆ ಮುಚ್ಚಿಕೊಳ್ಳುವುದೇ ಅಲ್ವಾ? ತೊಡಕು ಬೇರೆ ಕಡೆ ಇದೆ. ‘ಗರ್ಭ ಕಟ್ಟುವುದು’ ಅಂದರೆ ಬಸಿರಾಗುವುದು! ‘ಕಟ್ಟಿಸಿದ ಮೇಲೂ ಕಟ್ಟಿತು’ ಎಂದು ಬರೆದರೆ ಓದುಗರು ತಲೆ ಕೆರೆದುಕೊಳ್ಳುತ್ತಾರೆ. ‘ನಿಲ್ಲು’ ಕೂಡ ಹೀಗೇ. ಮುಟ್ಟು ನಿಂತರೆ ಇಲ್ಲವಾಯಿತು, ಗರ್ಭ ನಿಂತರೆ ಬಂತು. ಆಪರೇಷನ್ ಆದವರಿಗೂ ಅಂಡಾಶಯ ಎಂದಿನಂತೆ ಕೆಲಸ ಮಾಡುತ್ತದೆ, ಮುಟ್ಟು ಬರುತ್ತಲೇ ಇರುತ್ತದೆ. ಅದು ತಪ್ಪಿದರೆ ಸುಮ್ನೆ ಇರಬಾರದು, ಪರೀಕ್ಷೆ ಮಾಡಿಸಬೇಕು. ಇಲ್ಲಿ ‘ಮುಟ್ಟು ತಪ್ಪಿದರೆ’ ಎಂದೇ ಬರೆಯುತ್ತೇನೆ, ‘ನಿಂತರೆ’ ಎಂದಲ್ಲ. ನಿಂತಿತು ಅಂದರೆ ವಯಸ್ಸಾಯಿತು ಎಂದುಕೊಂಡು ಬಿಟ್ಟುಬಿಡುವವರಿದ್ದಾರೆ.

‘ಆಪರೇಷನ್ ವಿಫಲ’ ಎಂಬುದನ್ನು ಬಿಟ್ಟಿದ್ದೇನೆ. ಯಾರದೋ ತಪ್ಪು ಎಂಬ ದನಿ ಅದಕ್ಕಿದೆ. ಡಾಕ್ಟರು ಸರಿಯಾಗಿಯೇ ಮಾಡಿದ್ದರೂ ಹೀಗಾಗಬಹುದು. ಹೆಂಗಸಿನ ಮೇಲೆ ಅನುಮಾನ ಪಡುವವರಂತೂ ಇದ್ದೇ ಇರುತ್ತಾರೆ.

ಚಿಕಿತ್ಸೆಯ ಭಾಗದಲ್ಲಿ ‘ಗರ್ಭಪಾತ’, ‘ಗರ್ಭ ತೆಗೆಸುವುದು’ ಎರಡನ್ನೂ ಬಳಸಿಲ್ಲ. ಟ್ಯೂಬಿನಲ್ಲಿ ನಿಂತದ್ದನ್ನು ಗರ್ಭಕೋಶಕ್ಕೆ ತಂದು ಕೂರಿಸಲು ಸಾಧ್ಯವಿಲ್ಲ. ಬೇಗ ಗೊತ್ತಾದರೆ ಕೆಲವರಿಗೆ ಅದರ ಬೆಳವಣಿಗೆ ನಿಲ್ಲಿಸುವ ಮೆಥೊಟ್ರೆಕ್ಸೇಟ್ ಇಂಜೆಕ್ಷನ್ ಸಾಕು, ಉಳಿದವರಲ್ಲಿ ಹೆಚ್ಚಿನವರಿಗೆ ಲ್ಯಾಪರೋಸ್ಕೋಪಿ, ಅಂದರೆ ಹೊಟ್ಟೆಯಲ್ಲಿ ಚಿಕ್ಕ ತೂತು ಮಾಡಿ ಕ್ಯಾಮೆರಾ ಇಳಿಸಿ ಮಾಡುವ ಆಪರೇಷನ್. ‘ಉಳಿಸಿಕೊಳ್ಳಲಾಗದ ಬಸಿರಿಗೆ ಚಿಕಿತ್ಸೆ’ ಎಂದು ಬರೆದಿದ್ದೇನೆ. ಉದ್ದವಾಯಿತು, ಆದರೂ ಬೇಡದ ಅರ್ಥ ಬರುವುದಿಲ್ಲ.

ಕೊನೆಯದಾಗಿ ಒಂದು ಲಕ್ಷಣದ ಮಾತು. ಕೆಳಹೊಟ್ಟೆಯಲ್ಲಿ ಒಂದೇ ಕಡೆ ನೋವು, ರಕ್ತ ಹೋಗುವುದು, ತಲೆ ಸುತ್ತಿ ಬೀಳುವುದು, ಇವಕ್ಕೆ ಪದಗಳು ಸಲೀಸು. ಆದರೆ ಒಳಗೆ ಸೋರಿದ ರಕ್ತ ವಪೆಯನ್ನು ಕೆರಳಿಸಿದಾಗ ನೋವು ಹೆಗಲಿನ ತುದಿಯಲ್ಲಿ, ತೋಳು ಶುರುವಾಗುವ ಕಡೆ ಕಾಣಿಸುತ್ತದೆ. ಅಂಥವರು ತಕ್ಷಣ ಆಸ್ಪತ್ರೆಗೆ ಹೋಗಬೇಕು. ಇದನ್ನು ‘ಭುಜದ ನೋವು’ ಎಂದರೆ ತೋಳಿನ ನೋವು ಅಂದುಕೊಳ್ಳುತ್ತಾರೆ. ‘ಹೆಗಲ ತುದಿ’ ಎಂದು ಹಾಕಿದ್ದೇನೆ. ನಿಮ್ಮ ಕಡೆ ಆ ಜಾಗಕ್ಕೆ ಏನನ್ನುತ್ತೀರಿ? ‘ವಪೆ’ ಎಂಬ ಪದ ಶಾಲೆಯ ಪಾಠದ ಆಚೆ ಯಾರಿಗಾದರೂ ತಿಳಿಯುತ್ತದಾ, ಅಥವಾ ‘ಎದೆ ಹೊಟ್ಟೆ ನಡುವಿನ ಪೊರೆ’ ಎಂದು ಬಿಡಿಸಿಯೇ ಬರೆಯಲಾ?