ಮೇಲಿನಮನೆ ಬಳಗ: ಎದೆಹಾಲಿನ ಫಾರ್ವರ್ಡ್

ರಮೇಶ ಭಾವ: (ಹಲವು ಬಾರಿ ಫಾರ್ವರ್ಡ್ ಆಗಿದೆ) ಎಚ್ಚರ! ಎಚ್‌ಐವಿ ಇರುವ ತಾಯಿ ಒಂದು ಹನಿ ಹಾಲು ಕುಡಿಸಿದರೂ ಮಗುವಿಗೆ ಖಂಡಿತ ಬರುತ್ತದೆ. ಡಬ್ಬಿ ಹಾಲು ಕೊಡಿ. ಎಲ್ಲರಿಗೂ ಕಳಿಸಿ.

ಪ್ರಸನ್ನ: ಯಾರು ಬರೆದಿದ್ದು ಭಾವ? ಹೆಸರಿಲ್ಲ, ತಾರೀಕಿಲ್ಲ. ಅಡಿಕೆ ಕೊಳೆಗೆ ಉಪ್ಪುನೀರು ಹೊಡೀರಿ ಅಂತ ಕಳಿಸಿದ್ದೂ ನೀವೇ.

ರಮೇಶ ಭಾವ: ಕೊಳೆ ಸುದ್ದಿ ಈಗ ಎಂತಕ್ಕೆ ಮಾರಾಯ?

ದೊಡ್ಡಪ್ಪ: ನಡತೆ ನೆಟ್ಟಗಿದ್ದರೆ ಈ ಕಾಯಿಲೆ ಎಲ್ಲಿಂದ ಬರುತ್ತೆ?

ಸುಮಕ್ಕ: ದೊಡ್ಡಪ್ಪ, ನಮ್ಮಲ್ಲಿ ಹೆಚ್ಚಿನ ಹೆಂಗಸರಿಗೆ ಬರುವುದು ಗಂಡನಿಂದ. ಅವರ ನಡತೆ ಎಣಿಸಬೇಡಿ.
ಭಾವ, 'ಖಂಡಿತ' ಅನ್ನುವುದು ಸುಳ್ಳು. ಔಷಧಿಯೇ ಇಲ್ಲದಿದ್ದರೂ ಹಾಲಿನಿಂದ ಬರುವುದು ನೂರಕ್ಕೆ 5ರಿಂದ 20 ಮಕ್ಕಳಿಗೆ. ತಾಯಿ ದಿನವೂ ಎಆರ್‌ಟಿ (ಎಚ್‌ಐವಿ ಹತ್ತಿಕ್ಕುವ ಔಷಧಿ) ಮಾತ್ರೆ ನುಂಗಿ ರಕ್ತದಲ್ಲಿ ವೈರಸ್ ತೀರಾ ಕಡಿಮೆಯಾಗಿದ್ದರೆ ನೂರಕ್ಕೆ ಒಂದಕ್ಕಿಂತ ಕಡಿಮೆ. ಸೊನ್ನೆ ಅಲ್ಲ, ಅದೂ ಗೊತ್ತಿರಲಿ.

ಪ್ರಸನ್ನ: ಮೂಲ?

ಸುಮಕ್ಕ: ಮಾತ್ರೆ ತಪ್ಪಿಸದ ತಾಯಿ ಕನಿಷ್ಠ 12 ತಿಂಗಳು ಕುಡಿಸಲಿ, 24 ತಿಂಗಳಾದರೂ ಸರಿ ಅಂತ ವಿಶ್ವ ಆರೋಗ್ಯ ಸಂಸ್ಥೆಯ 2016ರ ಮಾರ್ಗಸೂಚಿ ಇದೆ. ಆಫ್ರಿಕಾದ ಬೋಟ್ಸ್ವಾನಾದಲ್ಲಿ ಎಚ್‌ಐವಿ ಇರುವ ತಾಯಂದಿರಿಗೆ ಸರ್ಕಾರವೇ ಡಬ್ಬಿ ಪುಡಿ ಪುಕ್ಕಟೆ ಕೊಟ್ಟಿತ್ತು. 2006ರಲ್ಲಿ ಜೋರು ಮಳೆ ಬಂದು ಭೇದಿ ಹಬ್ಬಿತು. ಹೆಚ್ಚು ಬಲಿಯಾದದ್ದು ಎದೆಹಾಲಿಲ್ಲದ ಕೂಸುಗಳೇ. ನಮ್ಮ ಆಟಿ ಮಳೆಯ ಬಾವಿನೀರಲ್ಲಿ ಪುಡಿ ಕಲಸುವವರು ಯೋಚಿಸಿ.

ವಿನಾಯಕ: ಆಟಿ ಅಂದ ಕೂಡಲೇ ಅಮ್ಮಮ್ಮನ ಬಾಣಂತಿ ಕೋಣೆ ನೆನಪಾಯ್ತು. ಹಂಡೆನೀರು, ಹೊಗೆ, ಬಜೆ ತೇಯ್ದು ಜೇನಲ್ಲಿ ನೆಕ್ಕಿಸೋದು ❤️

ಸುಮಕ್ಕ: ಆ ನೆಕ್ಕಿಸುವುದೇ ಇಲ್ಲಿ ಬೇಡ ವಿನಾಯಕ. ಮೊದಲ 6 ತಿಂಗಳು ಎದೆಹಾಲು ಮಾತ್ರ. ಬಜೆ, ಜೇನು, ದನದ ಹಾಲು, ಒಂದು ಒಳಲೆ ನೀರೂ ಬೇಡ. ಎಳೆಗರುಳಿನ ಒಳಪೊರೆ ಕೆರಳಿದರೆ ವೈರಸ್ ಒಳಗೆ ನುಗ್ಗುವುದು ಸುಲಭ. ಬೆರೆಸಿ ಕೊಟ್ಟವರಿಗಿಂತ ಬರೀ ಎದೆಹಾಲು ಕೊಟ್ಟವರಲ್ಲಿ ಅಪಾಯ ಕಡಿಮೆ ಅಂತ ದಕ್ಷಿಣ ಆಫ್ರಿಕಾದ ಡರ್ಬನ್ನಿನಲ್ಲಿ 1999ರಲ್ಲೇ ಕಂಡಿದ್ದಾರೆ. ಯಾರೋ ತಪ್ಪಿ ಕೊಟ್ಟರು ಅಂತ ಹಾಲು ಬಿಡಿಸಬೇಡಿ, ಮಾತ್ರೆಯಂತೂ ಬಿಡಲೇಬೇಡಿ.

ಶಾರದತ್ತೆ: ನನ್ನ ಬಜೆ ಬೇಡ ಅಂದವಳು ಅಲ್ವಾ ನೀನು. ಇರಲಿ. ಕೊಪ್ಪದ ಕಡೆ ಒಬ್ಬ ಬಾಣಂತಿಗೆ ಹಾಗೇ ಅಂತೆ, ಯಾರ ಮನೆಯವಳು?

ಸುಮಕ್ಕ: ಹೆಸರು ಇಲ್ಲಿ ಬೇಡ ಅತ್ತೆ. ನಂಬಿ ಹೇಳಿದ್ದನ್ನು ಒಪ್ಪಿಗೆ ಇಲ್ಲದೆ ಹೊರಗೆ ಹಾಕಬಾರದು ಅಂತ 2017ರ ಎಚ್‌ಐವಿ ಕಾಯ್ದೆಯೇ ಇದೆ. ಹೆಸರು ಬಯಲಾದರೆ ಅವಳು ಮಾತ್ರೆ ಬಚ್ಚಿಡುತ್ತಾಳೆ, ಹೊತ್ತು ತಪ್ಪಿಸುತ್ತಾಳೆ, ವೈರಸ್ ಏರುತ್ತದೆ. ಕೂಸಿಗೆ ಅಪಾಯ ಬರುವುದು ಆಗ.

ಪ್ರಸನ್ನ: ನೋಡಿದ್ರಾ ಭಾವ?

ರಮೇಶ ಭಾವ: ನಿನ್ನನ್ನ ಕೇಳಲಿಲ್ಲ. ಸುಮಾ, ಮಗುವಿಗೆ ಎಂತ ಮಾಡ್ತಾರೆ?

ಸುಮಕ್ಕ: ಹುಟ್ಟಿದ ಕೂಡಲೇ ವೈರಸ್ ತಡೆಯುವ ನೆವಿರಾಪಿನ್ ಸಿರಪ್. ತೂಕ 2.5 ಕೆಜಿ ದಾಟಿದ್ದರೆ ದಿನಕ್ಕೊಮ್ಮೆ 1.5 ಮಿ.ಲೀ., 6 ವಾರ. ತಾಯಿ ಮಾತ್ರೆ ಶುರು ಮಾಡಿದ್ದು ತಡವಾಗಿದ್ದರೆ ವೈದ್ಯರು 12 ವಾರಕ್ಕೆ ಒಯ್ಯುತ್ತಾರೆ. 6ನೇ ವಾರದಲ್ಲಿ ಹಿಮ್ಮಡಿ ಚುಚ್ಚಿ ರಕ್ತದ ಹನಿ ಕಾರ್ಡಿನ ಮೇಲೆ ಒಣಗಿಸಿ ಪರೀಕ್ಷೆಗೆ ಕಳಿಸುವುದು. 6 ಮತ್ತು 12 ತಿಂಗಳಿಗೆ ಮತ್ತೆ. ಕೊನೇ ತೀರ್ಮಾನ 18 ತಿಂಗಳಿಗೆ, ಆಗಲೂ ಎದೆಹಾಲು ಕುಡಿಯುತ್ತಿದ್ದರೆ ಬಿಡಿಸಿದ ಮೇಲೆ. ಎಲ್ಲ ಪುಕ್ಕಟೆ, ನಮಗೆ ಶಿವಮೊಗ್ಗದ ಮೆಗ್ಗಾನ್ ಆಸ್ಪತ್ರೆಯಲ್ಲೇ ಆಗುತ್ತದೆ.

ದೊಡ್ಡಮ್ಮ: ತೊಟ್ಟು ಒಡೆದು ರಕ್ತ ಬಂದರೆ?

ಸುಮಕ್ಕ: ಆ ಬದಿಯದು ಕುಡಿಸಬಾರದು ದೊಡ್ಡಮ್ಮ. ವಾಸಿಯಾಗುವವರೆಗೆ ಹಿಂಡಿ ಚೆಲ್ಲಬೇಕು, ಇನ್ನೊಂದು ಬದಿ ಕುಡಿಸಬೇಕು. ಹಿಂಡದೆ ಬಿಟ್ಟರೆ ಹಾಲು ಕಟ್ಟಿ ಬಾವು ಬರುತ್ತದೆ, ಹಾಲಲ್ಲಿ ವೈರಸ್ಸೂ ಹೆಚ್ಚುತ್ತದೆ. ಬಿಡಿಸುವಾಗಲೂ ಒಂದೇ ದಿನಕ್ಕೆ ಬೇಡ, ತಿಂಗಳು ಹಿಡಿದು ನಿಧಾನಕ್ಕೆ.