ಶಿರಾಡಿ ಏರಿನಲ್ಲಿ ಇಂಜಿನ್ ಬಿಸಿ: ಎಲ್ಲ ಬದಲಿಸಿ ಆಯ್ತು, ಮುಳ್ಳು ಇಳಿಯುವುದಿಲ್ಲ

ಪಂಪ್‌ವೆಲ್ ಪಯಣ
ಸಾಕಾಗಿ ಹೋಗಿದೆ ಮಾರಾಯ್ರೆ. ಗುಂಡ್ಯ ದಾಟಿ ಏರು ಸಿಕ್ಕಿದ ಕೂಡಲೇ ಟೆಂಪರೇಚರ್ ಮುಳ್ಳು ಮೇಲೆ ಹೋಗ್ತದೆ. ಏಸಿ ಹಾಕಿದ್ರೆ ಕೆಂಪು ಗೀಟಿನ ಹತ್ತಿರವೇ. ಹೆದ್ದಾರಿಯಲ್ಲಿ ಉಡುಪಿ ಕಡೆ 80ರಲ್ಲಿ ಓಡಿಸಿದ್ರೆ ಎಂತ ತೊಂದ್ರೆಯೂ ಇಲ್ಲ. ವಾಟರ್ ಪಂಪ್ ಹೊಸತು, ರೇಡಿಯೇಟರ್ ಕ್ಯಾಪ್ ಹೊಸತು, ಕೂಲೆಂಟ್ ಹೊಸತು, ಥರ್ಮೋಸ್ಟಾಟ್ (ನೀರು ಬಿಸಿ ಆದಾಗ ರೇಡಿಯೇಟರ್ ದಾರಿ ತೆರೆಯುವ ಕವಾಟ) ನೋಡಿ ಆಯ್ತು, ರೇಡಿಯೇಟರ್ ಸರಿ ಉಂಟು. ಗ್ಯಾರೇಜಿನವರು ಈಗ ಇಂಜಿನ್ ಹೆಡ್ (ಸಿಲಿಂಡರ್ ಮೇಲಿನ ಮುಚ್ಚಳ) ಬಿಚ್ಚುವ ಅಂತಿದ್ದಾರೆ. ಬಿಚ್ಚಿಸುವುದಾ ಬೇಡವಾ? ಬೇಗ ಹೇಳಿ, ಗಾಡಿ ಬಾಡಿಗೆಗೆ ಹೋಗ್ಲಿಕ್ಕುಂಟು.

ಬಜ್ಪೆ ಬೋಲ್ಟ್
ಯಾವ ಗಾಡಿ ಅಂತಲೇ ಹೇಳ್ಲಿಲ್ಲ ನೀವು.

ಕಾರ್ಕಳ ಕಂಪ್ರೆಷನ್
ಗಾಡಿ ಯಾವುದಾದ್ರೂ ಇದು ಹೆಡ್ ಗ್ಯಾಸ್ಕೆಟ್, ಹೆಡ್ಡಿಗೂ ಕೆಳಗಿನ ಇಂಜಿನ್ ಬ್ಲಾಕಿಗೂ ನಡುವಿನ ಪದರ. ಸಮ ರಸ್ತೆಯಲ್ಲಿ ಸರಿ, ಏರಿನಲ್ಲಿ ಮಾತ್ರ ಬಿಸಿ ಅಂದ್ರೆ ಬೇರೆ ಎಂತ? ಲೋಡ್ ಬಿದ್ದಾಗ ಸಿಲಿಂಡರ್ ಒಳಗಿನ ಒತ್ತಡ ಏರ್ತದೆ, ಗ್ಯಾಸ್ಕೆಟ್ ಸ್ವಲ್ಪ ಸುಟ್ಟಿದ್ರೆ ಅಲ್ಲಿಂದ ಗ್ಯಾಸ್ ನೀರಿನ ಜಾಗಕ್ಕೆ ನುಗ್ತದೆ. ಗ್ಯಾಸ್ ಗುಳ್ಳೆ ನಿಂತ ಜಾಗದಲ್ಲಿ ನೀರು ತಾಗುವುದಿಲ್ಲ, ಹೆಡ್ ಅಲ್ಲೇ ಕಾಯ್ತದೆ. ತಡ ಮಾಡಿದ್ರೆ ಹೆಡ್ ಡೊಂಕಾಗಿ ಲೇತಿಗೆ ಕೊಂಡು ಹೋಗಿ ಫೇಸಿಂಗ್ (ಕೆತ್ತಿ ಸಮ ಮಾಡುವುದು) ಮಾಡಿಸ್ಬೇಕಾಗ್ತದೆ. ಬಿಚ್ಚಿಸಿ.

ಸ್ಪ್ಯಾನರ್ 14
ಅಣ್ಣ, ಹೆಡ್ ಬಿಚ್ಚುವುದು ಕೊನೆಗೆ. ಮೊದಲು ಇಷ್ಟು ಹೇಳಿ: ಗಾಡಿ ಯಾವುದು, ನೀರು ಕಡಿಮೆ ಆಗ್ತದಾ, ಮಂಗಳೂರು ಟ್ರಾಫಿಕ್ಕಿನಲ್ಲಿ ಏಸಿ ಹಾಕಿ ನಿಂತ್ರೆ ಮುಳ್ಳು ಏರ್ತದಾ?

ಯಾವಾಗ ಬಿಸಿ ಆಗ್ತದೆ ಅನ್ನುವುದರಲ್ಲೇ ಅರ್ಧ ಉತ್ತರ ಉಂಟು. 80ರಲ್ಲಿ ಓಡುವಾಗ ಗಾಳಿ ತಾನಾಗಿಯೇ ರೇಡಿಯೇಟರ್‌ಗೆ ಹೊಡೀತದೆ, ಫ್ಯಾನ್ ಇಲ್ಲದಿದ್ರೂ ನಡೀತದೆ. ಹಾಗಾಗಿ ವೇಗದಲ್ಲಿ ಬಿಸಿ ಆಗಿ ನಿಂತಾಗ ಇಳಿದ್ರೆ ರೇಡಿಯೇಟರ್ ಒಳಗೆ ಕಟ್ಟಿದೆ, ಇಲ್ಲಾ ನೀರು ಸಾಕಷ್ಟು ಹರೀತಾ ಇಲ್ಲ. ನಿಂತಾಗ, ನಿಧಾನ ಹೋಗುವಾಗ ಬಿಸಿ ಆಗಿ ವೇಗದಲ್ಲಿ ಇಳಿದ್ರೆ ಗಾಳಿಯ ಸಮಸ್ಯೆ. ಘಾಟಿಯಲ್ಲಿ ಎರಡೂ ಒಟ್ಟಿಗೆ ಬರ್ತದೆ: ಎರಡನೇ ಗೇರಿನಲ್ಲಿ 20ರ ವೇಗ, ಇಂಜಿನ್ ಮೇಲೆ ಪೂರ್ತಿ ಲೋಡ್. ಹಾಗಾಗಿ ಘಾಟಿ ಒಂದನ್ನೇ ನೋಡಿ ಹೆಡ್ ಗ್ಯಾಸ್ಕೆಟ್ ಅಂತ ಹೇಳ್ಲಿಕ್ಕೆ ಆಗುವುದಿಲ್ಲ.

ಪಂಪ್‌ವೆಲ್ ಪಯಣ
ಕ್ವಾಲಿಸ್ ಮಾರಾಯ್ರೆ, 2003ರದ್ದು. ನೀರು ಕಡಿಮೆ ಆಗುವುದಿಲ್ಲ. ನಂತೂರಿನಲ್ಲಿ ಏಸಿ ಹಾಕಿ ನಿಂತ್ರೆ ಸ್ವಲ್ಪ ಏರ್ತದೆ, ಹೊರಟ್ರೆ ಇಳೀತದೆ. ಅದು ಎಲ್ಲ ಗಾಡಿಯಲ್ಲಿಯೂ ಉಂಟಲ್ಲ?

ಸ್ಪ್ಯಾನರ್ 14
ಇಲ್ಲ, ಸರಿ ಇರುವ ಗಾಡಿಯಲ್ಲಿ ಏರ್ಲಿಕ್ಕಿಲ್ಲ. ನೀವು ಅದನ್ನು ಮೊದಲೇ ಬರೆದಿದ್ರೆ ಹೆಡ್ ಮಾತು ಬರ್ತಾನೇ ಇರ್ಲಿಲ್ಲ. ಗಾಳಿಯ ಕಡೆ ನೋಡಿ.

ಕಾರ್ಕಳ ಕಂಪ್ರೆಷನ್
ನೀರು ಕಡಿಮೆ ಆಗದೆಯೂ ಗ್ಯಾಸ್ಕೆಟ್ ಹೋಗಿರ್ತದೆ. ಆರಂಭದಲ್ಲಿ ಗ್ಯಾಸ್ ಮಾತ್ರ ದಾಟುವುದು, ನೀರು ದಾಟುವುದಿಲ್ಲ. ಕ್ವಾಲಿಸಿನ 2446 ಸಿಸಿ ಇಂಜಿನ್‌ನಲ್ಲಿ ಡೀಸೆಲ್ ಮೊದಲು ಹೆಡ್ ಒಳಗಿನ ಸಣ್ಣ ಕೋಣೆಯಲ್ಲಿ ಉರೀತದೆ, ಡೈರೆಕ್ಟ್ ಇಂಜೆಕ್ಷನ್ ಅಲ್ಲ. ಹೆಡ್ಡಿಗೂ ನೀರಿಗೂ ಬಿಸಿ ಜಾಸ್ತಿ.

ಬಜ್ಪೆ ಬೋಲ್ಟ್
ಹಾಗಾದ್ರೆ ಬಿಚ್ಚುವ ಮೊದಲು ಪರೀಕ್ಷೆ ಮಾಡಿ, ಖರ್ಚಿಲ್ಲ. ಬೆಳಿಗ್ಗೆ ಇಂಜಿನ್ ಪೂರ್ತಿ ತಣ್ಣಗಿರುವಾಗ ಕ್ಯಾಪ್ ತೆಗೆದು ಕುತ್ತಿಗೆವರೆಗೆ ನೀರು ತುಂಬಿಸಿ. ಫ್ಯಾನ್ ಬೆಲ್ಟ್ ಸಡಿಲಿಸಿ ತೆಗೀರಿ, ಯಾಕಂದ್ರೆ ಪಂಪ್ ತಿರುಗಿದ್ರೆ ನೀರು ಕಲಕಿ ಗುಳ್ಳೆ ಯಾವುದು ಅಲೆ ಯಾವುದು ಗೊತ್ತಾಗುವುದಿಲ್ಲ. ಸ್ಟಾರ್ಟ್ ಮಾಡಿ ಅರ್ಧ ನಿಮಿಷ ರೇಸ್ ಕೊಡಿ, ಅದಕ್ಕಿಂತ ಹೆಚ್ಚು ಬೇಡ. ಸಣ್ಣ ಗುಳ್ಳೆ ಒಂದೇ ಸಮ ಬರ್ತಾ ಇದ್ರೆ ಗ್ಯಾಸ್ಕೆಟ್ ಅಥವಾ ಹೆಡ್ಡಿನ ಬಿರುಕು. ನೀರು ಸುಮ್ಮನೆ ನಿಂತಿದ್ರೆ ಅಲ್ಲ.

ನೀಲಿ ದ್ರಾವಣದ ಟೆಸ್ಟರ್ ಸಿಕ್ಕಿದ್ರೆ ಇನ್ನೂ ಒಳ್ಳೇದು. ರೇಡಿಯೇಟರ್ ಬಾಯಿಯ ಹವೆ ಅದರೊಳಗೆ ಹಾಯಿಸುವುದು. ಪೆಟ್ರೋಲ್ ಗಾಡಿಯಲ್ಲಿ ಗ್ಯಾಸ್ ಇದ್ರೆ ಹಳದಿ ಆಗ್ತದೆ, ಡೀಸೆಲ್‌ನಲ್ಲಿ ಹಸಿರು ಆಗಿ ನಿಲ್ತದೆ. ಹಳದಿ ಬರ್ಲಿಲ್ಲ ಅಂತ ಗಾಡಿಯನ್ನು ಪಾಸ್ ಮಾಡಿ ಬಿಡ್ಬೇಡಿ.

ಕುಂದಾಪ್ರ ಸವಾರಿ
ಹ್ವಾಯ್, ಮೊದ್ಲು ಆ ಕೂಲೆಂಟ್ ತೆಗ್ದು ಬಾವಿ ನೀರು ಹಾಕಿ ಕಾಣಿ. ನಮ್ಮ ಕರಾವಳಿಯಲ್ಲಿ ನೀರು ಹೆಪ್ಪುಗಟ್ಟುದಿಲ್ಲ, ಆ ಕೂಲೆಂಟ್ ಎಂತಕೆ? ಬಿಸಿ ಎಳೆಯುದ್ರಲ್ಲಿ ಬರೀ ನೀರಿನಷ್ಟು ಒಳ್ಳೇದು ಯಾವುದೂ ಇಲ್ಲ.

ಸ್ಪ್ಯಾನರ್ 14
ಬಿಸಿ ಹೊರುವುದರಲ್ಲಿ ನೀರೇ ಮೇಲು, ಅದು ನಿಜ. ಆದ್ರೆ ಕೂಲೆಂಟ್ ಹಾಕುವುದು ಹೆಪ್ಪುಗಟ್ಟದಿರಲಿ ಅಂತ ಮಾತ್ರ ಅಲ್ಲ. ತುಕ್ಕು ತಡೀತದೆ, ಕುದಿಯುವ ಬಿಂದು ಏರಿಸ್ತದೆ. ನಮ್ಮ ಮುರಕಲ್ಲಿನ ಬಾವಿ ನೀರು ಮೆದು, ಆದ್ರೆ ಹುಳಿ ಗುಣದ್ದು, ಕಬ್ಬಿಣವನ್ನು ತಿಂತದೆ. ಕಡಲ ಹತ್ತಿರದ ಬಾವಿಯಲ್ಲಿ ಬೇಸಿಗೆಗೆ ಉಪ್ಪು ಬೇರೆ. ಕೂಲೆಂಟ್ ಬಾಟಲಿಯಲ್ಲಿ ಚಾ ಬಣ್ಣದ ನೀರು ಕಂಡ್ರೆ ಅದು ನಿಮ್ಮ ಬ್ಲಾಕ್ ಕರಗಿ ಬಂದದ್ದು. ಡಿಸ್ಟಿಲ್ಡ್ ವಾಟರ್ ಎರಡು ಪಾಲು, ಕೂಲೆಂಟ್ ಒಂದು ಪಾಲು ನಮ್ಮ ಊರಿಗೆ ಸಾಕು. ರೆಡಿ ಮಿಕ್ಸ್ ಡಬ್ಬಿ ಆದ್ರೆ ಅದಕ್ಕೆ ಪುನಃ ನೀರು ಸೇರಿಸ್ಬೇಡಿ.

ಕುಂದಾಪ್ರ ಸವಾರಿ
ಹಳೇ ಬಸ್ಸು, ಲಾರಿ ಎಲ್ಲ ತೋಡಿನ ನೀರು ಕುಡ್ದೇ ಆಗುಂಬೆ ಹತ್ತಿದ್ದ್.

ಬಜ್ಪೆ ಬೋಲ್ಟ್
ಹತ್ತಿದ್ದು ಹೌದು. ಆ ಕಾಲದ ರೇಡಿಯೇಟರಿನ ತಾಮ್ರದ ಕೋರನ್ನು (ನೀರು ಹರಿಯುವ ಕೊಳವೆಗಳ ಜಾಲ) ಬಿಚ್ಚಿ ಒಳಗೆ ಸಲಾಕೆ ಹಾಕಿ ರಾಡಿಂಗ್ ಮಾಡ್ತಿದ್ರು, ಬೆಸುಗೆ ಹಾಕಿ ಪುನಃ ಕೂರಿಸ್ತಿದ್ರು. ಈಗಿನ ಪ್ಲಾಸ್ಟಿಕ್ ಟ್ಯಾಂಕಿನ ಅಲ್ಯೂಮಿನಿಯಂ ಕೋರ್ ಕಟ್ಟಿದ್ರೆ ಎಸೆಯುವುದೇ. ನೀರಿನ ಚರ್ಚೆಗೆ ಬೇರೆ ಥ್ರೆಡ್ ಮಾಡುವ.

ಪಂಪ್‌ವೆಲ್ ಪಯಣ
ಗುಳ್ಳೆ ಪರೀಕ್ಷೆ ಮಾಡಿಸಿದೆ. ಒಂದು ಗುಳ್ಳೆಯೂ ಇಲ್ಲ. ಇಂಜಿನ್ ಆಯಿಲ್ ಕೂಡ ಸ್ವಚ್ಛ ಉಂಟು.

ಕಾರ್ಕಳ ಕಂಪ್ರೆಷನ್
ಲೋಡ್ ಇಲ್ಲದೆ ನಿಂತಲ್ಲಿ ಮಾಡಿದ್ರೆ ಕಾಣುವುದಿಲ್ಲ. ಸಂಶಯ ಇದ್ದೇ ಇರ್ತದೆ.

ಸ್ಪ್ಯಾನರ್ 14
ಸಂಶಯಕ್ಕೆ ಹೆಡ್ ಬಿಚ್ಚುವುದಲ್ಲ. ಗ್ಯಾಸ್ ದಾಟ್ತಾ ಇದ್ರೆ ತಣ್ಣಗಿನ ಇಂಜಿನ್ ಸ್ಟಾರ್ಟ್ ಆದ ಒಂದೆರಡು ನಿಮಿಷದಲ್ಲೇ, ನೀರು ಬಿಸಿ ಆಗುವ ಮೊದಲೇ, ಮೇಲಿನ ಹೋಸ್ ಕಲ್ಲಿನ ಹಾಗೆ ಬಿಗೀತದೆ. ಅದನ್ನೂ ಒತ್ತಿ ನೋಡಲಿ.

ಪಯಣ ಅವರೇ, ಇನ್‌ಫ್ರಾರೆಡ್ ಥರ್ಮಾಮೀಟರ್ ಒಂದು ಹಿಡ್ಕೊಳ್ಳಿ. ಏರಿನಲ್ಲಿ ಮುಳ್ಳು ಎದ್ದ ಕೂಡಲೇ ಬದಿಗೆ ನಿಲ್ಲಿಸಿ, ಇಂಜಿನ್ ಬಂದ್ ಮಾಡದೆ 1500 ಆರ್‌ಪಿಎಂ ಹಿಡಿದು, ನೀರು ಒಳಗೆ ಬರುವ ಟ್ಯಾಂಕ್ ಮತ್ತು ಹೊರಗೆ ಹೋಗುವ ಟ್ಯಾಂಕ್ ಎರಡರ ಬಿಸಿ ನೋಡಿ. ಹೊಳೆಯುವ ಅಲ್ಯೂಮಿನಿಯಂ ಮೇಲೆ ಆ ಮೀಟರ್ ಸುಳ್ಳು ಹೇಳ್ತದೆ, ಕಪ್ಪು ಇನ್ಸುಲೇಷನ್ ಟೇಪ್ ಅಂಟಿಸಿ ಅದರ ಮೇಲೆ ಹಿಡೀರಿ. ಎರಡರ ನಡುವೆ ವ್ಯತ್ಯಾಸ ತುಂಬಾ ಹೆಚ್ಚಿದ್ರೆ ನೀರು ನಿಧಾನ ಹರೀತಾ ಉಂಟು. ವ್ಯತ್ಯಾಸ ತೀರಾ ಕಡಿಮೆ ಇದ್ದು ಎರಡೂ ಕುದೀತಾ ಇದ್ರೆ ನೀರು ಸರಿಯಾಗಿ ಹರೀತದೆ, ಗಾಳಿ ಬಿಸಿ ಎಳೀತಾ ಇಲ್ಲ. ಕ್ಯಾಪ್ ಮುಟ್ಟಬೇಡಿ. 0.9 ಬಾರ್ ಒತ್ತಡದ ಕ್ಯಾಪ್ ಒಳಗೆ ಬರೀ ನೀರೇ 118 ಡಿಗ್ರಿವರೆಗೆ ಕುದಿಯದೆ ಕೂತಿರ್ತದೆ, ತೆರೆದ ಕ್ಷಣ ಅಷ್ಟೂ ಆವಿ ಆಗಿ ಮುಖಕ್ಕೆ ಬರ್ತದೆ.

ಘಾಟಿ ಗೇರ್
ನಾನು ಈ ತಲೆಬಿಸಿಯೇ ಬೇಡ ಅಂತ ಹೆಡ್ಡಿನ ಬೋಲ್ಟ್ ಕೆಳಗೆ ಬೇರೆ ಸೆನ್ಸರ್ ಕೂರಿಸಿ ಡಿಜಿಟಲ್ ಗೇಜ್ ಹಾಕಿದ್ದೇನೆ, 105ಕ್ಕೆ ಬಜರ್ ಹೊಡೀತದೆ. ಕಂಪೆನಿ ಸೆನ್ಸರ್ ನೀರಿನ ಬಿಸಿ ಅಳೆಯುವುದು. ನೀರೇ ಖಾಲಿ ಆದ್ರೆ ಅದು ಹವೆಯಲ್ಲಿ ನಿಂತು ಮುಳ್ಳು ಕೆಳಗೆ ಬರ್ತದೆ, ಇಂಜಿನ್ ಸುಡ್ತಾ ಇರ್ತದೆ. ಲೋಹದ ಬಿಸಿ ಅಳೆಯುವ ಸೆನ್ಸರ್‌ಗೆ ಆ ಮೋಸ ಇಲ್ಲ. ಫ್ಯಾನ್ ಕ್ಲಚ್ (ಬಿಸಿ ಏರಿದಾಗ ಫ್ಯಾನನ್ನು ಬಿಗಿ ಹಿಡಿದು ತಿರುಗಿಸುವ ಭಾಗ) ಬಿಚ್ಚಿ ಒಳಗಿನ ಸಿಲಿಕೋನ್ ಆಯಿಲ್ ಕೂಡ 10000 ಸೆಂಟಿಸ್ಟೋಕ್ಸ್ ದಪ್ಪದ್ದು ತುಂಬಿಸಿದ್ದೇನೆ, ಫ್ಯಾನ್ ಶಬ್ದ ಕೇಳಿದ್ರೆ ಲಾರಿ ಬಂದ ಹಾಗೆ.

ಬಜ್ಪೆ ಬೋಲ್ಟ್
ಆ ಆಯಿಲ್ ಎಲ್ಲಿ ಸಿಕ್ತು? 3000ದ್ದು ಹಾಕಿದ್ರೆ ಸಾಕಾಗ್ಲಿಕ್ಕಿಲ್ವಾ?

ಘಾಟಿ ಗೇರ್
ಆನ್‌ಲೈನ್. 18 ಮಿಲಿ ಟ್ಯೂಬ್ ಬರ್ತದೆ. 3000ದ್ದೂ ನಡೀತದೆ, ಆದ್ರೆ ಘಾಟಿಗೆ ದಪ್ಪದ್ದೇ ಆಗ್ಬೇಕು. ಹೆದ್ದಾರಿಯಲ್ಲಿ ಡೀಸೆಲ್ ಸ್ವಲ್ಪ ಹೆಚ್ಚು ಕುಡೀತದೆ.

ಪಂಪ್‌ವೆಲ್ ಪಯಣ
ಮಾರಾಯ್ರೆ, ನನ್ನ ಗಾಡಿ ಕಡೆ ಬನ್ನಿ. ಹೋಸ್ ಬಿಗಿಯುವುದಿಲ್ಲ. ಟೇಪ್ ಅಂಟಿಸಿ ಅಳೆದದ್ದು: ಒಳಬರುವ ಕಡೆ 102, ಹೊರಹೋಗುವ ಕಡೆ 97. ಇಂಜಿನ್ ಭಾಗದ ಫೋಟೋ ಹಾಕಿದ್ದೇನೆ. ಥರ್ಮೋಸ್ಟಾಟ್ ಇಲ್ಲ, ಅದನ್ನು ತೆಗೆಸಿಯೇ ಬಿಟ್ಟಿದ್ದೇನೆ. ಅದ್ರಿಂದ ಅಲ್ಲ.

ಸ್ಪ್ಯಾನರ್ 14
ಫೋಟೋ ದೊಡ್ಡದು ಮಾಡಿ ನೋಡಿದೆ. ರೇಡಿಯೇಟರ್ ಹೊಸತು, ಹೊರಗಿನ ಕಂಪೆನಿಯ ಅಲ್ಯೂಮಿನಿಯಂದು. ಫ್ಯಾನ್ ಕವರ್ ಎಲ್ಲಿ? ಫ್ಯಾನ್ ಸುತ್ತ ಕಪ್ಪು ಪ್ಲಾಸ್ಟಿಕ್ ಬಳೆ ಇರ್ಬೇಕಿತ್ತು. ಅಲ್ಲಿ ಬರೀ ಫ್ಯಾನ್ ಎಲೆ ಕಾಣ್ತದೆ, ಕೋರಿಗೂ ಅದಕ್ಕೂ ನಡುವೆ ನಾಲ್ಕು ಬೆರಳು ಜಾಗ.

ಪಂಪ್‌ವೆಲ್ ಪಯಣ
ಹೊಸ ರೇಡಿಯೇಟರಿಗೆ ಅದರ ತೂತು ಕೂಡ್ಲಿಲ್ಲ, ಬೇಡ ಅಂತ ಗ್ಯಾರೇಜಿನವರು ಬಿಟ್ರು. ಕೈ ತಾಗದ ಹಾಗೆ ಇರುವ ಕವರ್ ಅಲ್ವಾ ಅದು?

ಸ್ಪ್ಯಾನರ್ 14
ಅಲ್ಲ ಅಣ್ಣ, ಗಾಳಿ ಎಳೆಯುವ ಕೆಲಸದ ಅರ್ಧ ಅದರದ್ದೇ. ಕವರ್ ಇಲ್ಲದಿದ್ರೆ ಫ್ಯಾನ್ ಎಲೆಯ ತುದಿಯಿಂದ ಗಾಳಿ ಹಿಂದಿನಿಂದ ಮುಂದೆ ಸುತ್ತಿ ಬರ್ತದೆ, ಇಂಜಿನ್ ಕೋಣೆಯ ಬಿಸಿ ಹವೆಯನ್ನೇ ಪುನಃ ಪುನಃ ಕಲಕ್ತದೆ. ಕೋರಿನ ನಾಲ್ಕು ಮೂಲೆಯಿಂದ ಗಾಳಿ ಬರುವುದೇ ಇಲ್ಲ, ಫ್ಯಾನಿನ ಎದುರಿನ ವೃತ್ತ ಮಾತ್ರ ತಣ್ಣಗಾಗ್ತದೆ. ನಿಮ್ಮ 102ಕ್ಕೂ 97ಕ್ಕೂ ಇರುವ ಐದೇ ಡಿಗ್ರಿ ಅದನ್ನೇ ಹೇಳ್ತಾ ಉಂಟು. ಹೆದ್ದಾರಿಯಲ್ಲಿ ಫ್ಯಾನಿನ ಹಂಗಿಲ್ಲ, ಅದಕ್ಕೆ ಅಲ್ಲಿ ಸರಿ.

ಗುಜರಿಯಲ್ಲಿ ಕ್ವಾಲಿಸಿನ ಹಳೇ ಕವರ್ ಹುಡುಕಿ, ನಿಮ್ಮದು ಉಳಿದಿದ್ರೆ ಅದೇ ಸಾಕು. ತೂತು ಕೂಡದಿದ್ರೆ ಟ್ಯಾಂಕಿಗೆ ಹೊಸ ತೂತು ಕೊರೀಲಿಕ್ಕೆ ಹೋಗ್ಬೇಡಿ. ಬದಿಯ ಚೌಕಟ್ಟಿಗೆ ಕಬ್ಬಿಣದ ಪಟ್ಟಿ ಬಗ್ಗಿಸಿ ಕೂರಿಸಿ, ಮಧ್ಯೆ ರಬ್ಬರ್ ವಾಷರ್ ಕೊಡಿ. ಇಲ್ಲದಿದ್ರೆ ನಡುಗಿ ನಡುಗಿ ಟ್ಯಾಂಕ್ ಒಡೀತದೆ. ಫ್ಯಾನ್ ಎಲೆ ಸುಮಾರು ಅರ್ಧ ಕವರ್ ಒಳಗೆ, ಅರ್ಧ ಹೊರಗೆ ಇರಲಿ. ಎಲೆಯ ತುದಿಗೂ ಕವರಿಗೂ ಸುತ್ತ 20–25 ಮಿಲಿಮೀಟರ್ ಬಿಡಿ, ಇಂಜಿನ್ ಮೌಂಟಿನ ಮೇಲೆ ಅಲ್ಲಾಡುವಾಗ ತಾಗಬಾರದು. ಕವರಿಗೂ ಕೋರಿಗೂ ನಡುವೆ ಸಂದು ಉಳಿದ್ರೆ ಫೋಮ್ ಪಟ್ಟಿ ಅಂಟಿಸಿ.

ಥರ್ಮೋಸ್ಟಾಟ್ ಕೂಡ ವಾಪಸ್ ಹಾಕಿ. ಹಳೇದನ್ನು ಕೈಯಲ್ಲಿ ಹಿಡಿದು ನೋಡಿ: ಕೆಳಗೆ ಸ್ಪ್ರಿಂಗಿನ ತುದಿಯಲ್ಲಿ ಇನ್ನೊಂದು ಸಣ್ಣ ತಟ್ಟೆ ಉಂಟಾ? ಇದ್ರೆ ಅದು ಬೈಪಾಸ್ ಮುಚ್ಚುವ ತಟ್ಟೆ. ಇಂಜಿನ್ ಬಿಸಿ ಆದಾಗ ಮೇಲಿನ ಬಾಯಿ ತೆರೀತದೆ, ಕೆಳಗಿನ ತಟ್ಟೆ ಬೈಪಾಸನ್ನು ಮುಚ್ತದೆ, ಎಲ್ಲ ನೀರೂ ರೇಡಿಯೇಟರಿಗೆ ಹೋಗ್ತದೆ. ತೆಗೆದೇ ಬಿಟ್ರೆ ಬೈಪಾಸ್ ಸದಾ ತೆರೆದಿರ್ತದೆ, ಒಂದಷ್ಟು ಬಿಸಿ ನೀರು ರೇಡಿಯೇಟರ್ ನೋಡದೆ ಇಂಜಿನ್ನಿಗೇ ತಿರುಗಿ ಹೋಗ್ತದೆ. ತೆಗೆದ್ರೆ ತಂಪು ಅನ್ನುವ ಮಾತು ಇಂಥ ಇಂಜಿನ್ನಿಗೆ ಉಲ್ಟಾ.

ಹೊಸ 82 ಡಿಗ್ರಿಯದ್ದು ತಂದು ಹಾಕುವ ಮೊದಲು ಪಾತ್ರೆ ನೀರಲ್ಲಿ ಕಾಯಿಸಿ ಪರೀಕ್ಷಿಸಿ. ತಳಕ್ಕೆ ತಾಗದ ಹಾಗೆ ದಾರದಲ್ಲಿ ತೂಗಾಡಿಸಿ. 80–84ರಲ್ಲಿ ಬಾಯಿ ಬಿಡಬೇಕು, 95ರಲ್ಲಿ ಕನಿಷ್ಠ 8 ಮಿಲಿಮೀಟರ್ ತೆರೆದಿರಬೇಕು. ಅಲುಗುವ ಸಣ್ಣ ಪಿನ್ ಮೇಲ್ಮುಖವಾಗಿ ಕೂರಿಸಿ, ಹವೆ ಹೊರಗೆ ಹೋಗುವುದು ಅಲ್ಲಿಂದ. ನೀರು ತುಂಬಿಸುವಾಗ ಗಾಡಿಯ ಮೂತಿ ಎತ್ತರಕ್ಕೆ ನಿಲ್ಲಿಸಿ, ಹೀಟರ್ ಪೂರ್ತಿ ತೆರೆದಿಡಿ.

ಕಾರ್ಕಳ ಕಂಪ್ರೆಷನ್
ಕವರ್ ಇಲ್ಲದೆ ಓಡುವ ಎಷ್ಟೋ ಗಾಡಿ ಇದೆ. ಫ್ಯಾನ್ ಕ್ಲಚ್ ಸಪ್ಪೆ ಆಗಿದ್ರೆ ಕವರ್ ಹಾಕಿಯೂ ಪ್ರಯೋಜನ ಇಲ್ಲ.

ಸ್ಪ್ಯಾನರ್ 14
ಕ್ಲಚ್ ವಿಷಯ ಸರಿ, ಅದನ್ನೂ ನೋಡ್ಬೇಕು. ಬಿಸಿ ಇಂಜಿನ್ ಬಂದ್ ಮಾಡಿ, ಕೀ ತೆಗೆದಿಟ್ಟು, ಫ್ಯಾನನ್ನು ಕೈಯಲ್ಲಿ ತಿರುಗಿಸಿ. ಹಿಟ್ಟು ಕಲಸುವಾಗಿನ ಹಾಗೆ ಎಳೆತ ಸಿಗ್ಬೇಕು. ತಳ್ಳಿದ್ರೆ ಎರಡು ಮೂರು ಸುತ್ತು ಹಗುರವಾಗಿ ತಿರುಗಿದ್ರೆ ಕ್ಲಚ್ ಹೋಗಿದೆ. ಮುಂದಿನ ಸುರುಳಿ ಸ್ಪ್ರಿಂಗಿನ ಸುತ್ತ ಜಿಡ್ಡು, ಅದಕ್ಕೆ ಹತ್ತಿದ ಕೆಂಪು ಧೂಳು ಕಂಡ್ರೆ ಆಯಿಲ್ ಸೋರಿದೆ ಅಂತ. ಓಡುವ ಫ್ಯಾನಿಗೆ ಪೇಪರ್ ಸುರುಳಿ ಒತ್ತಿ ನೋಡುವ ಅಭ್ಯಾಸ ಕೆಲವರಿಗುಂಟು. ದಯವಿಟ್ಟು ಯಾರೂ ಮಾಡ್ಬೇಡಿ, ಬೆರಳು ಹೋಗ್ತದೆ.

ಏಸಿ ಕಂಡೆನ್ಸರ್ (ರೇಡಿಯೇಟರ್ ಎದುರಿನ ಏಸಿಯ ಜಾಲರಿ) ಮತ್ತು ರೇಡಿಯೇಟರ್ ನಡುವಿನ ಸಂದಿಯನ್ನೂ ತೊಳೆಸಿ. ಅಲ್ಲಿ ಕೆಂಪು ಮಣ್ಣು, ಹುಳ, ಒಣಗಿದ ಎಲೆ ಸೇರಿ ಕಂಬಳಿ ಹಾಸಿರ್ತದೆ. ಇಂಜಿನ್ ಕಡೆಯಿಂದ ಹೊರಕ್ಕೆ, ಸಾದಾ ಪೈಪಿನ ನೀರಲ್ಲಿ ತೊಳೀಬೇಕು. ಪ್ರೆಷರ್ ವಾಷರ್ ಹತ್ತಿರ ಹಿಡಿದ್ರೆ ತೆಳು ತಗಡಿನ ಫಿನ್ ಮಡಚಿ ಗಾಳಿ ಪೂರ್ತಿ ನಿಲ್ತದೆ. ಕಡಲ ಗಾಳಿಗೆ ಫಿನ್ ಪುಡಿ ಆಗಿದ್ರೆ ಬೆರಳು ತಾಗಿಸಿದಾಗಲೇ ಉದುರ್ತದೆ.

ಪಂಪ್‌ವೆಲ್ ಪಯಣ
ಕವರ್ ಕೂರಿಸಿ, ಥರ್ಮೋಸ್ಟಾಟ್ ಹಾಕಿ, ತೊಳೆಸಿ ಆಯ್ತು. ಗುಂಡ್ಯದಿಂದ ಮೇಲೆ ಏಸಿ ಇಲ್ಲದೆ ಮುಳ್ಳು ನಡುವೆಯೇ ನಿಂತಿತ್ತು, ಅಳೆದಾಗ 93 ಮತ್ತು 81. ಏಸಿ ಹಾಕಿ ಏಳು ಜನ ಕೂತಾಗ ಮಾತ್ರ ಈಗಲೂ ಒಂದು ಗೀಟು ಏರ್ತದೆ. ಫ್ಯಾನ್ ತಳ್ಳಿದ್ರೆ ಎರಡು ಸುತ್ತು ತಿರುಗ್ತದೆ.

ಸ್ಪ್ಯಾನರ್ 14
ಹಾಗಾದ್ರೆ ಕ್ಲಚ್ ಕೂಡ ಹೋಗಿದೆ. ಬದಲಿಸಿ. ತಂದ ಹೊಸತನ್ನು ಅಡ್ಡ ಮಲಗಿಸಿ ಇಡ್ಬೇಡಿ, ಗಾಡಿಯಲ್ಲಿ ಕೂತ ಹಾಗೆ ನೆಟ್ಟಗೆ ಇಡಿ. ಮಲಗಿಸಿದ್ರೆ ಆಯಿಲ್ಲು ಸೀಲಿನ ಕಡೆ ಇಳಿದು ಸೋರ್ತದೆ. ಅಲ್ಲಿವರೆಗೆ ಏರಿನಲ್ಲಿ ಏಸಿ ಬಂದ್, ಗೇರ್ ಒಂದು ಕೆಳಗೆ. ಮುಳ್ಳು ಎದ್ರೆ ಹೀಟರ್ ಪೂರ್ತಿ ಬಿಡಿ.

ಘಾಟಿ ಗೇರ್
10000ದ ಆಯಿಲ್ ತುಂಬಿಸಿ, ಹೊಸ ಕ್ಲಚ್ ಬೇಡ.

ಕಾರ್ಕಳ ಕಂಪ್ರೆಷನ್
ಸೀಲ್ ಸೋರಿದ್ದಕ್ಕೆ ಆಯಿಲ್ ತುಂಬಿಸಿದ್ರೆ ಮಳೆಗಾಲದೊಳಗೆ ಪುನಃ ಖಾಲಿ. ಹೊಸತೇ ಹಾಕಿ.

ಮಲ್ಪೆ ಮೋಟಾರ್
ಇಲ್ಲೇ ಕೇಳ್ತೇನೆ. ನನ್ನ ಬೊಲೆರೊದಲ್ಲಿ ಮುಳ್ಳು ಏಳುವುದೇ ಇಲ್ಲ, ಉಡುಪಿಯಿಂದ ಹೆಬ್ರಿವರೆಗೂ ತಳದಲ್ಲೇ. ಡೀಸೆಲ್ ಕೂಡ ಹೆಚ್ಚು ಕುಡೀತದೆ. ಸೆನ್ಸರ್ ಬದಲಿಸಿದೆ.

ಬಜ್ಪೆ ಬೋಲ್ಟ್
ಬೇರೆ ಥ್ರೆಡ್ ಹಾಕಿ ಸರ್. ಹಾಕುವ ಮೊದಲು ತಣ್ಣಗಿನ ಇಂಜಿನ್ ಸ್ಟಾರ್ಟ್ ಮಾಡಿ ರೇಡಿಯೇಟರ್ ಕಡೆ ಹೋಗುವ ಮೇಲಿನ ಹೋಸ್ ಹಿಡಿದು ನೋಡಿ. ಶುರುವಿನಿಂದಲೇ ಮೆಲ್ಲ ಮೆಲ್ಲ ಬೆಚ್ಚಗಾದ್ರೆ ಥರ್ಮೋಸ್ಟಾಟ್ ತೆರೆದೇ ಸಿಕ್ಕಿಬಿದ್ದಿದೆ ಅಥವಾ ಯಾರೋ ತೆಗೆದಿದ್ದಾರೆ. ತುಂಬಾ ಹೊತ್ತು ತಣ್ಣಗಿದ್ದು ಒಮ್ಮೆಲೇ ಬಿಸಿ ಆದ್ರೆ ಅದು ಸರಿ ಉಂಟು, ವಯರಿಂಗ್ ನೋಡಿ. ಯಾವ ವರ್ಷದ ಗಾಡಿ, ಥರ್ಮೋಸ್ಟಾಟ್ ಉಂಟಾ ಇಲ್ವಾ, ಎರಡನ್ನೂ ಮೊದಲ ಪೋಸ್ಟಿನಲ್ಲೇ ಬರೀರಿ.